ಮುಳುಗಿದ ಊರಿನ ಬೀಸುವ ಪದಗಳು

ಜನಪದ ಗೀತೆಗಳ ಸಂಗ್ರಹಕಾರ್ಯ ನಮ್ಮ ನಾಡಿನಲ್ಲಿ ಅಲ್ಪವಾಗೇನೂ ನಡೆದಿಲ್ಲ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನು ಶಾಸನಗಳನ್ನು ಓದುವುದರ ಜೊತೆಯಲ್ಲಿಯೇ ಸಂಗೊಳ್ಳಿ ರಾಯಣ್ಣನನ್ನು ಕುರಿತ ಲಾವಣಿಯನ್ನೂ ಹಲಗಲಿಯ ಬೇಡರ ಲಾವಣಿಯನ್ನೂ ಬರೆಯಿಸಿಕೊಂಡು, 1885ರಿಂದ ಮೊದಲುಗೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಅವು ಬಹುಮಟ್ಟಿಗೆ ಗಂಡಸರು ಕೂಟದಲ್ಲಿ ನಿಂತು ಹಾಡಿದ ವೀರಗೀತೆಗಳು. ಒಳಮನೆಯಲ್ಲಿ, ಕೋಳಿ ಕೂಗುವ ಮೊದಲು, ಕತ್ತಲಲ್ಲಿ ಕುಳಿತು ನಮ್ಮ ತಾಯಂದಿರು ಹಾಡಿದ ಪದಗಳು ಪುಸ್ತಕದ ರೂಪ ಕಾಣಲು 1931ರವರೆಗೆ ಕಾಯಬೇಕಾಯಿತು. ಆ ವರ್ಷ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಎಂಬ ಆ ಮೂವರು ಹಳ್ಳಿಯ ಹುಡುಗರು ತಮ್ಮ ಮನೆಯ ಹಿರಿಯ ಹೆಂಗಸರ ಬಾಯಿಂದಲೇ ಕೇಳಿ ಬರೆದುಕೊಂಡ ತ್ರಿಪದಿಗಳು ಅವು. ಅದೇ ಬಳಗದ ಕಾಪಸೆ ರೇವಪ್ಪನವರ 'ಮಲ್ಲಿಗೆ ದಂಡೆ' ಆಮೇಲೆ ಬಂದಿತು.

ಇದೇ ಜಿಲ್ಲೆಯಲ್ಲಿ, ಇದಕ್ಕೆ ಎಂಟು ವರ್ಷ ಮೊದಲು, 1923ರಲ್ಲಿ ಫ. ಗು. ಹಳಕಟ್ಟಿಯವರ 'ವಚನ ಶಾಸ್ತ್ರಸಾರ' ಪ್ರಕಟವಾಗಿತ್ತೆಂಬುದು ಈ ಪತ್ರಿಕೆಯ ಓದುಗ ಬಂಧುಗಳಿಗೆ ವಿದಿತವೇ ಇದೆ. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಯ ಕಟ್ಟುಗಳನ್ನು ಹುಡುಕಿದ ಕಥೆಯನ್ನು ನಾವು ಪ್ರತಿವರ್ಷ ಭಕ್ತಿಯಿಂದ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆದರೆ ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದವರು ವಿರಳ. ತಾಳೆಗರಿಯ ಕಟ್ಟು ದೇವರ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕುಳಿತಿತ್ತು. ಓದಲು ಬಾರದಿದ್ದರೂ ಅದಕ್ಕೆ ಪೂಜೆ ಸಲ್ಲುತ್ತಿತ್ತು. ಅದೇ ಮನೆಯ ಮತ್ತೊಂದು ಮೂಲೆಯಲ್ಲಿ ಬೀಸುವ ಕಲ್ಲು. ಅಲ್ಲಿ ಪ್ರತಿದಿನ ಬೆಳಗಿನ ಜಾವ ಮತ್ತೊಂದು ಸಾಹಿತ್ಯ ಬಾಯಿಂದ ಬಾಯಿಗೆ ದಾಟುತ್ತಿತ್ತು. ಅದಕ್ಕೆ ಕಟ್ಟೂ ಇಲ್ಲ, ಪೂಜೆಯೂ ಇಲ್ಲ. ಜಗಲಿಯ ಮೇಲಿನದು ಕಳೆದುಹೋದರೆ ಮತ್ತೊಂದು ಮಠದಲ್ಲಿ ಪ್ರತಿ ಸಿಕ್ಕೀತು. ಕಲ್ಲಿನ ಮೂಲೆಯದು ಕಳೆದುಹೋದರೆ ಪ್ರತಿ ಎಲ್ಲಿಯೂ ಇಲ್ಲ.

ನಾನು ಹತ್ತನೆಯ ವಯಸ್ಸಿನಲ್ಲಿ ಮಠದ ಪಾಠಶಾಲೆಯನ್ನು ಸೇರಿದವನು. ಅಮರಕೋಶ, ಲಘುಕೌಮುದಿ, ನಿಜಗುಣರ ಕೈವಲ್ಯಪದ್ಧತಿ, ಬಳಿಕ ವಚನಗಳು, ಬಳಿಕ ಛಂದಸ್ಸು. ನಾಗವರ್ಮನ ಛಂದೋಂಬುಧಿಯನ್ನು ಪಾಠ ಹೇಳುತ್ತಿದ್ದ ಗುರುಗಳು ತ್ರಿಪದಿಯ ಲಕ್ಷಣಕ್ಕೆ ಬಂದಾಗ ಬೆರಳು ಮಡಿಚಿ ಎಣಿಸಿ ತೋರಿಸುತ್ತಿದ್ದರು: ಒಟ್ಟು ಹನ್ನೊಂದು ಅಂಶಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ. ಶ. 700ರ ಹೊತ್ತಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿ ಇರುವುದು ಈ ತ್ರಿಪದಿಯೇ. ಅಕ್ಕಮಹಾದೇವಿಯು 'ಯೋಗಾಂಗ ತ್ರಿವಿಧಿ'ಗೆ ಆರಿಸಿಕೊಂಡುದು ಇದನ್ನೇ. ಸರ್ವಜ್ಞ ಬೇರೆಯದನ್ನು ಮುಟ್ಟಲೇ ಇಲ್ಲ. ಇಷ್ಟನ್ನೂ ಪುಸ್ತಕ ಹೇಳುತ್ತದೆ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲು ಮರುಕಳಿಸುತ್ತದೆ, ಹೀಗಾಗಿ ಮೂರು ಸಾಲಿನ ಪದ್ಯ ಕಿವಿಗೆ ನಾಲ್ಕು ಸಾಲಿನಂತೆ ಕೇಳುತ್ತದೆ ಎಂಬುದನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಏಕೆ ಮರುಕಳಿಸಬೇಕು ಎಂಬುದಕ್ಕೆ ನನಗೆ ತೃಪ್ತಿಯಾಗುವಂತಹ ಉತ್ತರ ಛಂದಸ್ಸಿನ ಗ್ರಂಥಗಳಲ್ಲಿ ದೊರೆಯಲಿಲ್ಲ. ದೊರೆತುದು ಬಹುಕಾಲದ ಮೇಲೆ, ಒಂದು ಪುನರ್ವಸತಿ ಕೇಂದ್ರದ ಪತ್ರಾಸಿನ ಚಪ್ಪರದ ಕೆಳಗೆ.

ಪುನರ್ವಸತಿ ಕೇಂದ್ರವೆಂದರೆ ಏನೆಂದು ಕೃಷ್ಣೆಯ ದಂಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೂರದ ಓದುಗರಿಗಾಗಿ ಎರಡು ಮಾತು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇರಿಸಿದರು. ಈ ಶತಮಾನದ ಆರಂಭದ ವರ್ಷಗಳಲ್ಲಿ ನೀರು 519.60 ಮೀಟರಿನ ಮಟ್ಟ ಮುಟ್ಟಿತು. ಕೃಷ್ಣೆಯ ಎರಡೂ ದಂಡೆಯ ಊರುಗಳು, ಎರೆಹೊಲಗಳು, ಬಾಗಲಕೋಟೆ ಪಟ್ಟಣದ ತಗ್ಗಿನ ಓಣಿಗಳು ಹಿನ್ನೀರಿನಲ್ಲಿ ಸೇರಿದವು. ಕೆಳಗಡೆ ನಾರಾಯಣಪುರದ ಬಸವಸಾಗರದ ನೀರು ಕೂಡಲಸಂಗಮಕ್ಕೆ ಏರಿದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತಲೂ ಬಾವಿಯಂತಹ ಗೋಡೆಯನ್ನು ಎಬ್ಬಿಸಿ ಕಾಪಾಡಲಾಯಿತು. ಮೆಟ್ಟಿಲಿಳಿದು ದರ್ಶನ ಪಡೆದ ಭಕ್ತರೆಲ್ಲ ಅದನ್ನು ಬಲ್ಲರು. ಎಲ್ಲ ಊರಿಗೂ ಅಂತಹ ಗೋಡೆ ಕಟ್ಟುವುದು ಆಗದ ಮಾತು. ಈ ನೀರಿನಿಂದ ಎಷ್ಟೋ ಬರಡು ಹೊಲಗಳು ಹಸಿರಾಗಿವೆ, ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ.

ನನ್ನ ಹುಟ್ಟೂರು ಬೀಳಗಿಯ ಸೀಮೆಯಲ್ಲಿ, ಹೊಳೆಯ ದಂಡೆಗೇ ಇತ್ತು. ಈಗ ಆ ಹೆಸರಿನ ಮುಂದೆ 'ಪುನರ್ವಸತಿ ಕೇಂದ್ರ' ಎಂಬ ಬಾಲ ಸೇರಿಕೊಂಡು, ಊರು ಗುಡ್ಡದ ಗರಸು ನೆಲದ ಮೇಲೆ ನಿಂತಿದೆ. ಓಣಿಗಳು ನೇರವಾಗಿವೆ, ಮನೆಗಳಿಗೆ ಅಂಕಿಗಳಿವೆ. ನನ್ನ ತಾಯಿ ಆ ಹೊಸ ಊರನ್ನು ಕಾಣಲಿಲ್ಲ. ನನ್ನ ಚಿಗವ್ವ ಅಲ್ಲಿದ್ದಾಳೆ. ಆಕೆಗೆ ಈಗ ಎಂಬತ್ತು ದಾಟಿದೆ. ಊರು ಎಬ್ಬಿಸುವಾಗ ಜನ ತೊಲೆ, ಕಂಬ, ತಲಬಾಗಿಲು, ಜಂತಿ ಎಲ್ಲವನ್ನೂ ಬಿಚ್ಚಿಕೊಂಡು ಟ್ರಾಕ್ಟರಿನಲ್ಲಿ ಹೇರಿದರು. ಬೀಸುವ ಕಲ್ಲನ್ನು ಯಾರೂ ಹೇರಲಿಲ್ಲ. ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದವು, ಕಲ್ಲಿನ ಭಾರ ಬೇಡವೆಂದರು. ಚಿಗವ್ವ ಒಬ್ಬಳು ಹಟ ಹಿಡಿದು ಎರಡೂ ಕಲ್ಲುಗಳನ್ನು ತರಿಸಿಕೊಂಡಳು. ತರಿಸಿಕೊಂಡದ್ದು ಬೀಸುವುದಕ್ಕಲ್ಲ. ಅತ್ತೆಯ ಕಾಲದ ವಸ್ತು, ನೀರಿನ ಪಾಲಾಗುವುದು ಬೇಡ, ಅಷ್ಟೇ. ಅವು ಇಪ್ಪತ್ತು ವರ್ಷ ನಳದ ಬಳಿ ಬಿದ್ದಿದ್ದವು, ಸೊಸೆಯಂದಿರು ಅವುಗಳ ಮೇಲೆ ಬಟ್ಟೆ ಕುಕ್ಕುತ್ತಿದ್ದರು.

ನಿವೃತ್ತನಾದ ಮೇಲೆ ಚಿಗವ್ವನ ಬಾಯಿಂದ ಪದಗಳನ್ನು ಬರೆದುಕೊಳ್ಳಬೇಕೆಂದು ನಾನು ಅಲ್ಲಿಗೆ ಹೋದೆ. ಕುರ್ಚಿ ಹಾಕಿ ಕೂಡಿಸಿದರು, ಮೊಮ್ಮಗ ಮೊಬೈಲನ್ನು ಎದುರಿಗೆ ಹಿಡಿದ. ಚಿಗವ್ವ ಎರಡು ಪದದ ತಲೆಯನ್ನಷ್ಟೇ ಹೇಳಿ ಸುಮ್ಮನಾದಳು. ಮರೆತಿರಬೇಕೆಂದು ಎಲ್ಲರೂ ಅಂದೆವು.

"ಮರತಿಲ್ಲೋ ತಮ್ಮಾ," ಎಂದಳು, "ಕೈ ಸುಮ್ಮ ಕುಂತರ ಬಾಯಿ ಹೆಂಗ ತಿರಗೀತು?"

ಆಗ ಕಿರಿಯ ಸೊಸೆಗೆ ಹೊಳೆಯಿತು. ನಳದ ಬಳಿಯ ಕಲ್ಲುಗಳನ್ನು ಹುಡುಗರು ಉರುಳಿಸಿಕೊಂಡು ಬಂದು ತೊಳೆದು ಚಪ್ಪರದ ಕೆಳಗೆ ಕೂಡಿಸಿದರು. ಹೊಸ ಗೂಟವನ್ನು ಜಡಿದರು. ಎರಡು ಸೇರು ಬಿಳಿಜೋಳ ಮೊರದಲ್ಲಿ ಬಂತು. ಚಿಗವ್ವ ಒಂದು ಕಾಲು ಚಾಚಿ ಕುಳಿತಳು, ಸೊಸೆ ಎದುರಿಗೆ ಕುಳಿತಳು, ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಮೊದಲು ಕಲ್ಲಿಗೆ ಶರಣಾರ್ಥಿ ಹೇಳುವ ಪದ, ಆಮೇಲೆ ಶ್ರೀಶೈಲದ ಮಲ್ಲಯ್ಯ, ಬಸವಣ್ಣ, ಆಮೇಲೆ ತಾಯಿ-ತಂದೆ. ಕ್ರಮವನ್ನು ಯಾರೂ ಆಕೆಗೆ ನೆನಪಿಸಬೇಕಾಗಲಿಲ್ಲ.

ಅಂದು ನನಗೆ ಆ ಎರಡನೆಯ ಸಾಲಿನ ರಹಸ್ಯ ತಿಳಿಯಿತು. ಒಬ್ಬಳು ಮೊದಲ ಸಾಲನ್ನು ಎತ್ತಿ, ಎರಡನೆಯದನ್ನು ಅರ್ಧಕ್ಕೆ ತಂದು ಬಿಡುತ್ತಾಳೆ. ಅಷ್ಟರಲ್ಲಿ ಎದುರಿಗಿದ್ದವಳು ಅದನ್ನು ಹಿಡಿದುಕೊಂಡು ಪೂರ್ತಿಗೊಳಿಸುತ್ತಾಳೆ. ಆ ಬಿಡುವಿನಲ್ಲಿ ಮೊದಲಿನವಳು ಉಸಿರು ತೆಗೆದುಕೊಂಡು, ಎಡಗೈಯಿಂದ ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತಾಳೆ. ಮರುಕಳಿಸುವ ಸಾಲು ಅವಳ ಬಿಡುವು. ಇಬ್ಬರ ನಡುವೆ ಪದ ಹಂಚಿಹೋಗದಿದ್ದರೆ ಕಲ್ಲು ನಿಲ್ಲುತ್ತದೆ, ಇಲ್ಲವೇ ಉಸಿರು ನಿಲ್ಲುತ್ತದೆ. ಇದು ಎಲ್ಲ ಸೀಮೆಯ ಎಲ್ಲ ತ್ರಿಪದಿಗೂ ಸಲ್ಲುವ ಸಿದ್ಧಾಂತವೆಂದು ನಾನು ಪ್ರತಿಪಾದಿಸುವುದಿಲ್ಲ. ಆ ಚಪ್ಪರದ ಕೆಳಗೆ ನಾನು ಕಣ್ಣಾರೆ ಕಂಡ ಸಂಗತಿಯನ್ನು ಹೇಳುತ್ತಿದ್ದೇನೆ. ಇಂದು ವೇದಿಕೆಗಳ ಮೇಲೆ ಬೀಸುವ ಪದವೆಂದು ಹಾಡುವಾಗ ಒಬ್ಬರೇ ಮೈಕಿನ ಮುಂದೆ ನಿಂತು, ತಬಲಾ ಕೀಬೋರ್ಡುಗಳ ಓಟಕ್ಕೆ ಸರಿಯಾಗಿ ಓಡಿಸಿಬಿಡುತ್ತಾರೆ. ಕಂಠ ಮಧುರವಾಗಿರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆ ವೇಗದಲ್ಲಿ ಬೀಸಿದರೆ ಹಿಟ್ಟು ಬರುವುದಿಲ್ಲ, ನುಚ್ಚು ಬರುತ್ತದೆ.

ನಾಲ್ಕು ದಿನಗಳಲ್ಲಿ ಅರವತ್ತೊಂದು ತ್ರಿಪದಿಗಳು ಬಂದವು. ಸೊಸೆಯು ತನ್ನ ಸ್ವಸಹಾಯ ಸಂಘದ ಲೆಕ್ಕದ ವಹಿಯ ಹಿಂಬದಿಯ ಹಾಳೆಗಳಲ್ಲಿ ಬರೆದುಕೊಂಡಳು. ನಾನೂ ಬರೆದುಕೊಂಡೆ. ಸಂಜೆ ಎರಡನ್ನೂ ತಾಳೆ ನೋಡುತ್ತಿದ್ದೆವು. ಅವಳ ಪ್ರತಿಯಲ್ಲಿ ಆಡುಮಾತು ಇದ್ದಂತೆಯೇ ಇರುತ್ತಿತ್ತು; ಎಲ್ಲಿ ಭೇದ ಕಂಡರೂ ಚಿಗವ್ವ ಅವಳ ಪ್ರತಿಯೇ ಸರಿಯೆನ್ನುತ್ತಿದ್ದಳು.

ಆ ಅರವತ್ತೊಂದರಲ್ಲಿ ಎಷ್ಟು ಸ್ಥಳಗಳಿವೆ ಎಂಬುದನ್ನು ಕಂಡು ನಾನು ಬೆರಗಾದೆ. ಇಳಕಲ್ಲಿನ ಸೀರೆ ಇದೆ, ಬರೀ ಸೀರೆಯಲ್ಲ, ಗೋಮಿ ದಡಿಯದು, ತೋಪತೆನಿ ಸೆರಗಿನದು. ಗುಳೇದಗುಡ್ಡದ ಖಣವಿದೆ, ಪಂಚಮಿಗೆ ಕರೆಯಲು ಬಂದ ಅಣ್ಣ ಅದನ್ನು ಮರೆತು ಬಂದನೆಂಬ ಮುನಿಸಿದೆ. ಬಾದಾಮಿಯ ಬನಶಂಕರಿಯ ಜಾತ್ರೆಗೆ ಹೋಗುವ ಬಂಡಿಯಿದೆ. ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮವಿದೆ. ಇವೆಲ್ಲ ಹೆಸರಾದ ಜಾಗಗಳು. ಇವುಗಳ ನಡುನಡುವೆ, ಆ ಊರವರಲ್ಲದೆ ಬೇರೆ ಯಾರಿಗೂ ತಿಳಿಯದ ಹೆಸರುಗಳು ಸೇರಿಕೊಂಡಿವೆ: ಅಂಬಿಗರು ಹರಗೋಲು ಕಟ್ಟುತ್ತಿದ್ದ ದಂಡೆ, ಬೇಸಗೆಯಲ್ಲಿ ಉಸುಕಿನ ಮೇಲೆ ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದ ನಡುಗಡ್ಡೆ, ಈಜು ಬಾರದವರು ಇಳಿಯಬಾರದ ಮಡು, ತವರಿನ ದಾರಿ ಕಾಣುವ ದಿಬ್ಬ. ಸರಕಾರದ ಪರಿಹಾರದ ಕಾಗದಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ರೀಸರ್ವೆ ನಂಬರು ಇದೆ, ಎಕರೆ-ಗುಂಟೆ ಇದೆ, ಬೇವಿನ ಮರ ಎಷ್ಟು, ಬಾರೆಯ ಮರ ಎಷ್ಟು ಎಂಬ ಎಣಿಕೆಯಿದೆ. ಒಂದು ಹೊಲಕ್ಕೂ ಹೆಸರಿಲ್ಲ. ನಮ್ಮೂರ ಹೊಲಗಳ ಹೆಸರು ಈಗ ಉಳಿದಿರುವುದು ಈ ಪದಗಳಲ್ಲಿಯೇ.

ಒಂದು ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಚಿಗವ್ವನ ಮಗನೂ ನಾನೂ ಪದಗಳ ಹಾಳೆ ಹಿಡಿದುಕೊಂಡು ಹಳೆಯ ಊರಿನ ಕಡೆಗೆ ಹೋದೆವು. ಒಣಗಿ ಬಿರಿದ ಕೆಸರು, ಅದರ ಮೇಲೆ ಬಿಳಿಯ ಚಿಪ್ಪುಗಳು. ಮನೆಗಳ ಬುನಾದಿಯ ಗೆರೆಗಳು ಕಾಣುತ್ತಿದ್ದವು. ಪದದಲ್ಲಿ ಹೇಳಿದಂತೆ ಕಟ್ಟೆಯಿಂದ ಬಲಕ್ಕೆ ಹೊರಳಿದರೆ ದಿಬ್ಬ ಸಿಗಬೇಕಿತ್ತು, ಸಿಕ್ಕಿತು. ಆದರೆ ಅಲ್ಲಿಂದ ಈಗ ತವರಿನ ದಾರಿ ಯಾರಿಗೂ ಕಾಣುವುದಿಲ್ಲ, ನೀರು ಕಾಣುತ್ತದೆ. ಚಿಗವ್ವನನ್ನು ಕರೆದೆವು, ಆಕೆ ಬರಲಿಲ್ಲ. "ಅಲ್ಲೇನೈತಿ ನೋಡಾಕ," ಎಂದು ಬಿಟ್ಟಳು.

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಈ ಪದಗಳಲ್ಲಿ ನಲವತ್ತನ್ನು ಆರಿಸಿ, ಸಮಾಜದ ಮನೆಗಳಿಗೆ ಹಂಚುವ ಒಂದು ಕಿರುಪುಸ್ತಕಕ್ಕಾಗಿ ಕಳುಹಿಸಿಕೊಟ್ಟೆ. ಕೇಳಿದವರು ಸದುದ್ದೇಶದಿಂದಲೇ ಕೇಳಿದ್ದರು. ಅವರ ಹೆಸರು ಇಲ್ಲಿ ಬೇಡ. ಅಚ್ಚಾಗಿ ಬಂದಾಗ ಹದಿನೆಂಟು ಪದಗಳಿದ್ದವು, ಆ ಹದಿನೆಂಟೂ ಶುದ್ಧಗನ್ನಡಕ್ಕೆ ತಿದ್ದಲ್ಪಟ್ಟಿದ್ದವು. 'ಹೊಳಿ' ಎಂಬುದು 'ನದಿ' ಆಗಿತ್ತು. ಗಣ ಕೆಟ್ಟದ್ದನ್ನು ಬಿಡಿ, ಯಾವ ಸೊಸೆ ಕೊಡ ಹೊತ್ತು 'ನದಿ'ಗೆ ಹೋದಾಳು? ಆದರೆ ನನಗೆ ಹೆಚ್ಚು ನೋವಾದದ್ದು 'ಹಗೇವು' ಎಂಬ ಪದದ ವಿಷಯದಲ್ಲಿ.

ಹಗೇವು ಎಂದರೆ ಜೋಳ ತುಂಬುವ ನೆಲದೊಳಗಿನ ಗುಳಿ. ಬಾಯಿ ಕಿರಿದು, ಹೊಟ್ಟೆ ಹಿರಿದು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಡಿಯುತ್ತಿದ್ದರು. ಬರಗಾಲದ ಸೀಮೆಯವರಿಗೆ ಅದೇ ಬ್ಯಾಂಕು. ಒಂದು ಒಳ್ಳೆಯ ಬೆಳೆ ಬಂದರೆ ಮುಂದಿನ ಎರಡು ಮೂರು ವರ್ಷ ಅದು ಕಾಯುತ್ತಿತ್ತು. ಹಗೇವು ತೆಗೆಯುವ ದಿನ ಮಾತ್ರ ಭಯದ ದಿನ. ಮುಚ್ಚಿಟ್ಟ ಕಾಳಿನಿಂದ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ತೆರೆದೊಡನೆ ಇಳಿದವರು ಮೇಲೆ ಬರುವುದಿಲ್ಲ. ಆದಕಾರಣ ಬಾಯಿ ತೆರೆದು ಹೊತ್ತು ಕಳೆಯಬಿಟ್ಟು, ಹಗ್ಗದಲ್ಲಿ ದೀಪವನ್ನು ಕಟ್ಟಿ ಒಳಗೆ ಬಿಡುತ್ತಾರೆ. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಕೂಡದು. ಚಿಗವ್ವನ ಒಂದು ಪದದಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು ಆ ದೀಪದೊಡನೆ ಮಾತಾಡುತ್ತಾಳೆ. ಗಂಡನ ನಡುವಿಗೆ ಹಗ್ಗ ಕಟ್ಟುತ್ತಿದ್ದಾರೆ, ಹಿರಿಯರೆಲ್ಲ ಸುತ್ತ ನಿಂತಿದ್ದಾರೆ, ಅವರೆದುರು ಅವಳು ಬಾಯಿ ತೆರೆಯುವಂತಿಲ್ಲ. ದೀಪವನ್ನು ಮನಸ್ಸಿನಲ್ಲಿಯೇ ಬೇಡಿಕೊಳ್ಳುತ್ತಾಳೆ.

ಕಿರುಪುಸ್ತಕದಲ್ಲಿ 'ಹಗೇವು' ತಿದ್ದಿ 'ಕಣಜ' ಎಂದು ಹಾಕಿದ್ದರು. ಕಣಜವೂ ಕಾಳು ತುಂಬುವ ಜಾಗವೇ, ಓದುಗರಿಗೆ ಸುಲಭವಾಗಲಿ ಎಂಬುದು ಅವರ ಸಮಾಧಾನ. ಕಣಜ ಮನೆಯೊಳಗೆ ನೆಲದ ಮೇಲೆ ನಿಲ್ಲುತ್ತದೆ. ಕಣಜಕ್ಕೆ ದೀಪ ಇಳಿಬಿಡುವುದುಂಟೆ? ನಡುವಿಗೆ ಹಗ್ಗ ಏಕೆ? ಅರ್ಥ ಕೈಬಿಟ್ಟಿತು. ಅರ್ಥವಿಲ್ಲದೆ ಉಳಿದ ದೀಪಕ್ಕೆ ಸಂಪಾದಕರು ಅಡಿಯಲ್ಲಿ ಒಂದು ವಿವರಣೆ ಕೊಟ್ಟರು: ಇಲ್ಲಿ ದೀಪವೆಂದರೆ ಜ್ಞಾನಜ್ಯೋತಿ, ಕಣಜವೆಂದರೆ ದೇಹ. ನಾವು ಮಠದಲ್ಲಿ ಓದಿದವರಿಗೆ ಈ ಚಟ ಹಳೆಯದು. ತಿಳಿಯದ ಕಡೆಯಲ್ಲೆಲ್ಲ ಆತ್ಮವನ್ನು ಹಚ್ಚಿಬಿಡುತ್ತೇವೆ. ಗಂಡ ಜೀವಂತ ಮೇಲೆ ಬರಲೆಂದು ಅಂಗಳದಲ್ಲಿ ನಿಂತ ಹುಡುಗಿಯ ಪ್ರಾರ್ಥನೆಗಿಂತ ಜ್ಞಾನಜ್ಯೋತಿ ಏನು ಹೆಚ್ಚಿನದು, ನನಗೆ ತಿಳಿಯದು.

ತಾಳೆಗರಿಯನ್ನು ಸಂಪಾದಿಸುವಾಗ ನಾವು ಹೀಗೆ ಮಾಡುವುದಿಲ್ಲ. ಗುರುಗಳು ನಮಗೆ ಕಲಿಸಿದ ಮೊದಲ ನಿಯಮವೆಂದರೆ, ಎರಡು ಪಾಠಗಳಿದ್ದಾಗ ಸುಲಭವಾದುದನ್ನು ಸಂಶಯದಿಂದ ನೋಡಬೇಕು, ಕಠಿಣವಾದುದನ್ನು ಕಾಪಾಡಬೇಕು. ಏಕೆಂದರೆ ಲಿಪಿಕಾರನು ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದುತ್ತಾನೆಯೇ ಹೊರತು ತಿಳಿದುದನ್ನು ತಿಳಿಯದುದಾಗಿ ತಿದ್ದುವುದಿಲ್ಲ. ಗರಿಯ ಮೇಲಿನ ಅಕ್ಷರಕ್ಕೆ ಸಲ್ಲುವ ಈ ಗೌರವ ಚಿಗವ್ವನ ಬಾಯಿಯ ಮಾತಿಗೆ ಏಕೆ ಸಲ್ಲಬಾರದು?

ಕೈಬಿಟ್ಟ ಇಪ್ಪತ್ತೆರಡು ಪದಗಳ ಮಾತು ಬೇರೆ. ಅವುಗಳಲ್ಲಿ ಬಹಳಷ್ಟು ಅತ್ತೆಯ ಕಾಟದವು, ನಾದಿನಿಯ ಚಾಡಿಯವು, ಕುಡಿದು ಬರುವ ಗಂಡನವು. ಒಂದರಲ್ಲಿ, ತನ್ನನ್ನು ಹೊಳೆಯಾಚೆಗೆ ಕೊಟ್ಟ ತಂದೆಯನ್ನು ಮಗಳು ಕೇಳುವ ಪ್ರಶ್ನೆ ಎಷ್ಟು ನೇರವಾಗಿದೆಯೆಂದರೆ, ಕೇಳುತ್ತಿದ್ದ ಮೊಮ್ಮಕ್ಕಳು ನಗುವುದನ್ನು ನಿಲ್ಲಿಸಿದರು. ಧರ್ಮನಿಷ್ಠ ಕುಟುಂಬಗಳಲ್ಲಿ ಓದುವ ಪುಸ್ತಕ, ಇಂತಹವು ಶೋಭಿಸುವುದಿಲ್ಲ, ದೇವರ ಪದಗಳು ಸಾಕು ಎಂದು ನನಗೆ ಪತ್ರ ಬಂದಿತು. ಆ ಪತ್ರವನ್ನು ಚಿಗವ್ವನಿಗೆ ಓದಿ ಹೇಳಿದೆ. ಆಕೆ ಸಿಟ್ಟಾಗಲಿಲ್ಲ, ಬರೆದವರು ಎಂದೂ ಬೀಸಿಲ್ಲವೆಂಬುದು ಆಕೆಗೆ ತಿಳಿದುಹೋಯಿತು.

"ದೇವರ ಪದ ಅಷ್ಟ ಹಾಡಿದರ ಎರಡ ಸೇರೂ ಮುಗಿಯೂದಿಲ್ಲೋ ತಮ್ಮಾ. ಐದ ಸೇರ ಬೀಸಬೇಕಂದರ ಅತ್ತಿನೂ ಬರಬೇಕು, ತವರಮನಿನೂ ಬರಬೇಕು. ಅಳೂದನ್ನ ಎಲ್ಲಿ ಕುಂತು ಅಳಬೇಕು ಮತ್ತ?"

ಕೂಡುಕುಟುಂಬದಲ್ಲಿ ಹತ್ತು ಹದಿನೈದು ಬಾಯಿಗಳಿಗೆ ದಿನವೂ ರೊಟ್ಟಿಯಾಗಬೇಕು. ಅದಕ್ಕೆ ಬೇಕಾದ ಹಿಟ್ಟನ್ನು ಹಗಲು ಮೂಡುವ ಮುನ್ನ ಬೀಸಬೇಕು. ಕಲ್ಲಿನ ಸದ್ದಿನಲ್ಲಿ ಪದ ಅರೆಬರೆ ಕೇಳುತ್ತದೆ. ಹಗಲಿನಲ್ಲಿ ಆಡಿದರೆ ಮನೆ ಒಡೆಯುವ ಮಾತನ್ನು ಅಲ್ಲಿ ಹಾಡಬಹುದು. ಅತ್ತೆಗೂ ಕೇಳುತ್ತದೆ, ಆದರೆ ಅದು ಪದ, ಜಗಳವಲ್ಲ. ಅತ್ತೆಯೂ ಒಂದು ಕಾಲಕ್ಕೆ ಅದೇ ಪದವನ್ನು ಅದೇ ಕಲ್ಲಿನ ಮುಂದೆ ಹಾಡಿದವಳೇ. ಆ ಒಂದು ಗಂಟೆಯ ಸ್ವಾತಂತ್ರ್ಯವನ್ನು ತೆಗೆದುಹಾಕಿ ಭಕ್ತಿಯನ್ನಷ್ಟೇ ಉಳಿಸಿದರೆ, ಆ ತಾಯಂದಿರು ಎಂದೂ ನೋಯಲಿಲ್ಲವೆಂಬ ಸುಳ್ಳನ್ನು ನಾವು ಮುಂದಿನವರಿಗೆ ಕೊಟ್ಟಂತಾಗುತ್ತದೆ. ಆ ಭಕ್ತಿಯ ಪದಗಳಿಗೂ ಬೆಲೆ ಬರುವುದು, ಹಾಡಿದವಳಿಗೆ ಏನೇನು ಭಾರವಿತ್ತೆಂದು ತಿಳಿದಾಗ.

ನಮ್ಮ ಪರಂಪರೆ ಇದಕ್ಕೆ ಹೊಸದೇನೂ ಅಲ್ಲ. ಕೊಟ್ಟಣದ ಸೋಮಮ್ಮ ಬತ್ತ ಕುಟ್ಟುವ ಕಾಯಕದವಳು, ಕದಿರ ರೆಮ್ಮವ್ವೆ ನೂಲುವವಳು. ಅವರ ವಚನಗಳಲ್ಲಿ ಆ ಕಾಯಕದ ಉಪಕರಣಗಳೇ ಮಾತಾಗುತ್ತವೆ. ಆಯ್ದಕ್ಕಿ ಲಕ್ಕಮ್ಮ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದವಳು. ಅಂಬಿಗರ ಚೌಡಯ್ಯನ ಮಾತುಗಳನ್ನು 'ಶೋಭಿಸುವಂತೆ' ತಿದ್ದಿದರೆ ಚೌಡಯ್ಯ ಎಲ್ಲಿ ಉಳಿದಾನು? ಈ ಶರಣ-ಶರಣೆಯರ ಮಾತುಗಳನ್ನು ಒರಟೆಂದು ಬಿಡದೆ ನಮಗೆ ಮುಟ್ಟಿಸಿದವರು ನಮ್ಮ ಹಿರಿಯ ಲಿಪಿಕಾರರು. ಅವರಷ್ಟು ಧೈರ್ಯ ನಮಗೂ ಇರಬೇಕು.

ಕಿರುಪುಸ್ತಕದವರೊಡನೆ ನನ್ನ ಪತ್ರವ್ಯವಹಾರ ಇನ್ನೂ ನಡೆದಿದೆ. ಎರಡನೆಯ ಮುದ್ರಣದಲ್ಲಿ ಹಗೇವನ್ನು ಹಗೇವೆಂದೇ ಇರಿಸಲು ಒಪ್ಪಿದ್ದಾರೆ. ಅತ್ತೆಯ ಪದಗಳ ವಿಷಯದಲ್ಲಿ ಮೌನವಾಗಿದ್ದಾರೆ. ಅಷ್ಟರವರೆಗೆ ಸೊಸೆಯ ವಹಿ ಇದ್ದೇ ಇದೆ. ಅದರಿಂದ ಪ್ರತಿ ಮಾಡಿ ನಾಲ್ಕು ಮನೆಗಳಿಗೆ ಕೊಟ್ಟಿದ್ದೇನೆ, ಅರವತ್ತೊಂದೂ ಪದಗಳು, ಒಂದಕ್ಷರವನ್ನೂ ತಿದ್ದದೆ. ಪ್ರತಿ ಪದದ ಕೆಳಗೆ ಅದರಲ್ಲಿ ಬರುವ ಜಾಗ ಎಲ್ಲಿತ್ತು, ಆ ವಸ್ತು ಎಂತಹುದು, ಚಿಗವ್ವ ಅದನ್ನು ಯಾರಿಂದ ಕಲಿತಳು ಎಂಬುದನ್ನು ಬರೆದಿದ್ದೇವೆ. ತಮ್ಮ ಮನೆಯಲ್ಲಿ ಎಂಬತ್ತರ ಅಜ್ಜಿ ಇರುವ ಓದುಗರು ಇಷ್ಟು ಮಾಡಿದರೆ ಸಾಕು. ರಾಗದ ಹೆಸರು, ಗಣದ ಲೆಕ್ಕ ವಿದ್ವಾಂಸರು ಆಮೇಲೆ ನೋಡಿಕೊಳ್ಳುತ್ತಾರೆ. ಅವರಿಗಾಗಿ 2011ರಿಂದ ಶಿಗ್ಗಾಂವಿಯ ಗೊಟಗೋಡಿಯಲ್ಲಿ ಒಂದು ಜಾನಪದ ವಿಶ್ವವಿದ್ಯಾಲಯವೇ ಇದೆ. ಅಜ್ಜಿಗೆ ಕುರ್ಚಿ ಹಾಕಬೇಡಿರಿ. ಕಲ್ಲು ಇದ್ದರೆ ಕಲ್ಲು, ಇಲ್ಲವಾದರೆ ಮೊರವನ್ನಾದರೂ ಕೈಗೆ ಕೊಡಿರಿ.

ಗುಳ್ಳವ್ವನ ಪದಗಳನ್ನು ಬರೆದುಕೊಳ್ಳುವುದು ಇನ್ನೂ ಬಾಕಿ ಇದೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಹೊಳೆಯ ಕರಿಯ ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ ಹಾಡುತ್ತಿದ್ದರು. ಗುಡ್ಡದ ಗರಸು ಮಣ್ಣು ಹಿಡಿಗೆ ಕೂಡುವುದಿಲ್ಲ, ಉದುರಿಹೋಗುತ್ತದೆ. ಹೀಗಾಗಿ ಹೊಸ ಊರಿನಲ್ಲಿ ಕೆಲವು ವರ್ಷ ಗುಳ್ಳವ್ವ ನಿಂತೇಹೋಗಿದ್ದಳು. ಕಳೆದ ಆಷಾಢದಲ್ಲಿ ಆ ಕಿರಿಯ ಸೊಸೆ ಹಿನ್ನೀರಿನ ಅಂಚಿಗೆ ಹೋಗಿ ಒಂದು ಬುಟ್ಟಿ ಮಣ್ಣು ತಂದಳೆಂದು ಫೋನಿನಲ್ಲಿ ತಿಳಿಸಿದ್ದಾರೆ.

ಬೀಸುವ ಪದಗಳಲ್ಲಿಯೂ ಒಂದು ಅಪೂರ್ಣವಾಗಿ ಉಳಿದಿದೆ. ಅದರ ಮೂರನೆಯ ಸಾಲು ಚಿಗವ್ವನಿಗೆ ನೆನಪಾಗಲೊಲ್ಲದು. ಅದನ್ನು ಯಾವಾಗಲೂ ಎದುರಿಗೆ ಕುಳಿತವಳೇ ಹೇಳುತ್ತಿದ್ದಳಂತೆ. ಆಕೆ ಹೊಳೆಯ ಆಚೆ ದಂಡೆಯ ಮತ್ತೊಂದು ಪುನರ್ವಸತಿ ಕೇಂದ್ರದಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಮಂದವಾಗಿದೆ, ಕಿವಿ ಚೆನ್ನಾಗಿದೆ ಎಂದು ಕೇಳಿದ್ದೇವೆ. ಸಂಕ್ರಾಂತಿ ಕಳೆದ ಮೇಲೆ ಚಿಗವ್ವನನ್ನು ಕಾರಿನಲ್ಲಿ ಕೂಡಿಸಿಕೊಂಡು ಅಲ್ಲಿಗೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಕಲ್ಲನ್ನೂ ಒಯ್ಯಬೇಕೆಂದು ಆಕೆಯ ಹಟ.